ಮಗಳನ್ನು ಕಥೆ ಕ್ಲಾಸಿಗೆ ಕಳಿಸಿದ ಎಂಟು ಭಾನುವಾರ

ನನ್ನ ಮಗಳು ನಾಲ್ಕನೇ ಕ್ಲಾಸು. ಕಥೆ ಪುಸ್ತಕ ಸಿಕ್ಕರೆ ಗಬಗಬ ಓದಿ ಮುಗಿಸುತ್ತಾಳೆ. ಏನಿತ್ತು ಅದರಲ್ಲಿ ಅಂತ ಕೇಳಿದರೆ, "ಒಬ್ಬ ರಾಜ ಇದ್ದ, ಆಮೇಲೆ ಏನೇನೋ ಆತು, ಮಸ್ತ್ ಇತ್ತು" ಅಷ್ಟೇ. ಅದಕ್ಕೇ ಧಾರವಾಡದ ಮಾಳಮಡ್ಡಿಯಲ್ಲಿ, ಒಂದು ಮನೆಯ ಮಹಡಿ ಮೇಲೆ ನಡೆಯುವ ಮಕ್ಕಳ ಕಥೆ ಕ್ಲಾಸಿಗೆ ಸೇರಿಸಿದೆ. ಮೂರರಿಂದ ಆರನೇ ಕ್ಲಾಸಿನವರಿಗೆ. ಎಂಟು ಭಾನುವಾರ, ಬೆಳಿಗ್ಗೆ 10ರಿಂದ 12. ಫೀ 1,600 ರೂಪಾಯಿ.

ಮೊದಲ ದಿನ ಅಪ್ಪ-ಅಮ್ಮಂದಿರೂ ಹಿಂದೆ ಕೂರಬಹುದು ಅಂದರು. ಕೂತೆ. ಕಲಿಸುವವರು ನಿವೃತ್ತ ಪ್ರಾಥಮಿಕ ಶಾಲೆ ಟೀಚರ್. ಬೋರ್ಡ್ ಮೇಲೆ ಒಂದಕ್ಷರ ಬರೆಯಲಿಲ್ಲ. "ಕಾಗಿ-ಗುಬ್ಬಿ ಕಥಿ ಯಾರಿಗೆ ಗೊತ್ತು?" ಅಂದರು. ಎಲ್ಲರ ಕೈ ಮೇಲೆ! ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಜೋರು ಮಳೆಗೆ ಕಾಗೆ ಮನೆ ಕೊಚ್ಚಿಹೋಗುತ್ತದೆ. ಅದು ಬಂದು ಬಾಗಿಲು ಬಡಿದರೆ ಒಳಗಿಂದ ಗುಬ್ಬಿ, "ತಡಿಯವ್ವ, ಕೂಸಿಗೆ ಎರಿಯಾಕತ್ತೀನಿ" ಅನ್ನುತ್ತದೆ. ಆಮೇಲೆ ಉಣ್ಣಿಸ್ತೀನಿ, ಆಮೇಲೆ ಮಲಗಿಸ್ತೀನಿ.

ಟೀಚರ್ ಕೇಳಿದ್ದು ಎರಡೇ ಪ್ರಶ್ನೆ. ಕಾಗೆಗೆ ಏನು ಬೇಕು? ಅದಕ್ಕೆ ಏನು ಅಡ್ಡ? "ಒಳಗ ಬರಬೇಕು", "ಬಾಗಲಾ ತಗೀವಲ್ಲದು" ಅಂತ ಮಕ್ಕಳು ಕೂಗಿದ ಮೇಲೆ, ಇದಕ್ಕೇ ಸಂಘರ್ಷ ಅನ್ನೋದು ಅಂತ ಹೇಳಿದರು. ಪದ ಕೊನೆಗೆ ಬಂತು. ನಾವು ಶಾಲೆಯಲ್ಲಿ ಪದ ಮೊದಲು ಬಾಯಿಪಾಠ ಮಾಡಿದವರು, ಅಲ್ವಾ? ಅರ್ಥ ಆಗಿದ್ದು ಎಷ್ಟೋ ವರ್ಷದ ಮೇಲೆ.

ಒಬ್ಬ ಹುಡುಗ, "ಮೂರ್ ಸಲ ಯಾಕ ತಡಿ ಅನ್ನಬೇಕು? ಒಂದ ಸಲ ಸಾಕಲ್ಲ" ಅಂದ. ಹಾಗೇ ಹೇಳು ನೋಡೋಣ ಅಂದರು. ಅವನು ಹೇಳಿದ. ಕಾಗೆ ಬಡಿಯಿತು, ಗುಬ್ಬಿ ಒಂದು ಸಲ ತಡಿ ಅಂದು ಬಾಗಿಲು ತೆಗೆಯಿತು, ಕಥೆ ಮುಗಿಯಿತು. "ಏ, ಇದ್ರಾಗ ಏನೂ ಇಲ್ಲ" ಅಂತ ಉಳಿದ ಮಕ್ಕಳೇ ಅಂದರು. ಪ್ರತಿ ಸಲ ತಡ ಆದಾಗಲೂ ಕಾಗೆ ಇನ್ನೂ ಜಾಸ್ತಿ ನೆನೆಯುತ್ತದೆ, ನಮಗೂ ಚಿಂತೆ ಜಾಸ್ತಿ ಆಗುತ್ತದೆ ಅಂತ ಅವರೇ ಕಂಡುಕೊಂಡರು.

ಮೂರನೇ ವಾರ ನಿರೂಪಣೆ. ಅದೇ ಕಥೆಯನ್ನು ಕಾಗೆಯೇ ಹೇಳಿದರೆ ಹೇಗಿರುತ್ತದೆ? ಮಗಳ ನೋಟ್‌ಬುಕ್ ಈಗಲೂ ನನ್ನ ಮುಂದಿದೆ. "ನನ್ನ ಮನಿ ಹೋತು. ಬಾಗಲಾ ಬಡದೆ. ಗುಬ್ಬಿ ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ದಳು." ಕೊನೆಯ ಸಾಲಿನ ಕೆಳಗೆ ಟೀಚರ್ ಪೆನ್ಸಿಲಿನಲ್ಲಿ ಬರೆದಿದ್ದಾರೆ: ಬಾಗಲಾ ಹಾಕಿತ್ತಲ್ಲ, ಕಾಗಿಗೆ ಹೆಂಗ ಕಾಣಸ್ತು? ಮಗಳು ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ "ಒಳಗಿಂದ ಬಿಸಿ ಎಣ್ಣಿ ವಾಸನಿ ಬಂತು" ಅಂತ ಬರೆದಿದ್ದಾಳೆ. ಇದನ್ನು ನೋಡಿ ನಿಜವಾಗಲೂ ಕಣ್ಣು ತುಂಬಿತು. ಹೇಳುವವರಿಗೆ ಗೊತ್ತಿರುವಷ್ಟೇ ಕಥೆಯಲ್ಲಿ ಬರಬೇಕು ಅನ್ನೋದು ಒಂಬತ್ತು ವರ್ಷದ ಮಗುವಿಗೆ ಒಂದು ಪ್ರಶ್ನೆಯಿಂದ ತಿಳಿಯಿತು.

ಹಿನ್ನೆಲೆಯ ಪಾಠವೂ ಚೆನ್ನಾಗಿತ್ತು. ಧಾರವಾಡದ ಕಥೆಯಲ್ಲಿ ಮಳೆ ಸರಿ, ಗದಗಿನ ಕಡೆ ಆದರೆ? ಅಜ್ಜಿ ಮನೆ ಮುಂಡರಗಿ ಹತ್ತಿರ ಇರುವ ಒಂದು ಹುಡುಗಿ, "ಅಲ್ಲಿ ಗಾಳಿ ಭಾಳ ರೀ, ಕಪ್ಪತಗುಡ್ಡದಾಗ ಗಾಳಿ ಪಂಖಾ ಹಾಕ್ಯಾರ" ಅಂದಳಂತೆ. ಸರಿ, ಕಾಗೆ ಮನೆ ಹಾರಿಹೋಯಿತು. ಹಾರಿದ ಮನೆ ಹುಡುಕಲು ಗುಬ್ಬಿಯೂ ಜೊತೆಗೆ ಹೊರಟಿತು. ಊರು ಬದಲಾದರೆ ಕಥೆಯ ದಾರಿಯೇ ಬದಲಾಗುತ್ತದೆ ಅಂತ ಮಗಳು ಮನೆಗೆ ಬಂದು ಅಡುಗೆ ಮನೆಯಲ್ಲಿ ನಿಂತು ನನಗೇ ಪಾಠ ಮಾಡಿದಳು.

ಆರು ವಾರ ಹೀಗೆ ನಡೆಯಿತು. ಕೊನೆಯ ಎರಡು ವಾರದ ಬಗ್ಗೆ ಮಾತ್ರ ನನಗೆ ಬೇಜಾರಿದೆ.

ಸೇರಿಸುವಾಗ 15 ಮಕ್ಕಳು ಅಂದಿದ್ದರು. ಏಳನೇ ವಾರಕ್ಕೆ 26 ಆಗಿದ್ದರು. ಟೀಚರ್ ಊರಲ್ಲಿ ಇರಲಿಲ್ಲ, ಬದಲಿಗೆ ಬಂದವರು ಪ್ರಿಂಟ್ ಮಾಡಿದ ಹಾಳೆ ಹಂಚಿದರು. ಬಿಟ್ಟ ಸ್ಥಳ ತುಂಬಿರಿ. "ಈ ಕಥೆಯ ಆಶಯ ____." ಮಗಳು "ಗುಬ್ಬಿ ಕೆಟ್ಟಾಕಿ ಅಲ್ಲ, ಆಕಿಗೆ ಕೂಸಿತ್ತು" ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, "ಇತರರಿಗೆ ಸಹಾಯ ಮಾಡಬೇಕು" ಅಂತ ತಿದ್ದಿದ್ದರು. ಅವಳು ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಆಶಯ ಬೇರೆ, ನೀತಿ ಬೇರೆ. ನೀತಿ ಅಂದರೆ ಹೀಗೆ ಮಾಡು ಅಂತ ಹೇಳೋದು. ಆಶಯ ಅಂದರೆ ಕಥೆ ಯಾವುದರ ಬಗ್ಗೆ ಯೋಚಿಸುತ್ತಿದೆ ಅನ್ನೋದು. ನನ್ನ ಮಗಳು ಬರೆದಿದ್ದೇ ಆಶಯಕ್ಕೆ ಹತ್ತಿರ ಇತ್ತು, ಈಗಲೂ ನಾನು ಹಾಗೇ ಹೇಳುತ್ತೇನೆ.

ಹಾಳೆ ತಗೊಂಡು ಹೋಗಿ ಮಾತಾಡಿದೆ. ನಡೆಸುವವರು ಪೂರ್ತಿ ಕೇಳಿಸಿಕೊಂಡರು. ಎಂಟನೇ ವಾರ ಮೊದಲಿನ ಟೀಚರ್ ಬಂದರು. ಆ ಉತ್ತರವನ್ನು ಕ್ಲಾಸಿನಲ್ಲಿ ಓದಿಸಿ, ಗುಬ್ಬಿ ಮಾಡಿದ್ದು ಸರಿಯಾ ಅಂತ ಅರ್ಧ ಗಂಟೆ ಮಕ್ಕಳಿಂದಲೇ ಮಾತಾಡಿಸಿದರಂತೆ. ಮಗಳ ಮುಖ ಮತ್ತೆ ಅರಳಿತು. ಮಕ್ಕಳು ಮಾತ್ರ ಆಗಲೂ 26 ಇದ್ದರು, ಸುಮಾರು ಜನರ ನೋಟ್‌ಬುಕ್ ನೋಡೋಕೆ ಆಗಲಿಲ್ಲ.

ಹುಬ್ಬಳ್ಳಿಯಿಂದ ಕಳಿಸುವವರು ಚಿಗರಿ ಬಸ್ಸಿನಲ್ಲಿ ಬಂದು ಜುಬಿಲಿ ಸರ್ಕಲ್ ಹತ್ತಿರ ಇಳಿದು ಆಟೋ ಹಿಡಿಯಬಹುದು. ಗೆರೆ ಇಲ್ಲದ ನೋಟ್‌ಬುಕ್ ಕಳಿಸಿ, ಚಿತ್ರ ಜಾಸ್ತಿ ಬಿಡಿಸುತ್ತಾರೆ. ಹಣ ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಎಷ್ಟು ಮಕ್ಕಳು, ಎಂಟೂ ವಾರ ಅದೇ ಟೀಚರ್ ಇರುತ್ತಾರಾ. ನಾನು ಈ ಸಲ ಕೇಳಿದೆ. 16ಕ್ಕಿಂತ ಜಾಸ್ತಿ ಸೇರಿಸಲ್ಲ, ಹಾಳೆ ಇರಲ್ಲ ಅಂದರು. ದಸರಾ ರಜೆ ಮುಗಿದ ಮೇಲಿನ ಬ್ಯಾಚಿಗೆ ಮಗನ ಹೆಸರು ಬರೆಸಿದ್ದೇನೆ.