ತಾರಸಿ ಸೋಲಾರ್, ಸಬ್ಸಿಡಿ, ನೆಟ್ ಮೀಟರ್: 3 ಕಿಲೋವ್ಯಾಟ್‌ನ ಅಸಲಿ ಲೆಕ್ಕ

ಇಲ್ಲಿನ ಲೆಕ್ಕ ಈ ವ್ಯವಸ್ಥೆಯದು: 540 ವ್ಯಾಟ್‌ನ 6 ಪ್ಯಾನೆಲ್, 3 ಕಿಲೋವ್ಯಾಟ್‌ನ ಆನ್-ಗ್ರಿಡ್ (ಬೆಸ್ಕಾಂ ಲೈನ್‌ಗೆ ಜೋಡಿಸಿದ) ಇನ್ವರ್ಟರ್, ಸಿಂಗಲ್ ಫೇಸ್, ಬ್ಯಾಟರಿ ಇಲ್ಲ. ಸಬ್ಸಿಡಿ ಪಿಎಂ ಸೂರ್ಯ ಘರ್ ಯೋಜನೆಯದು, ನೆಟ್ ಮೀಟರ್, ಅಂದರೆ ಒಳಬರುವ ಮತ್ತು ಹೊರಹೋಗುವ ಕರೆಂಟ್ ಎರಡನ್ನೂ ಎಣಿಸುವ ಮೀಟರ್, ಬೆಸ್ಕಾಂ ವ್ಯಾಪ್ತಿಯದು.

ಸೋಲಾರ್ ಹಾಕಿಸಿದರೆ ಬಿಲ್ ಸೊನ್ನೆ ಬರುತ್ತದೆ ಅನ್ನುವುದು ಮಾರುವವರ ಮಾತು. ಬಿಲ್‌ನಲ್ಲಿ ಎರಡು ಭಾಗ ಇವೆ. ಯೂನಿಟ್‌ಗೆ ಕಟ್ಟುವುದು ಒಂದು, ಮಂಜೂರಾದ ಲೋಡ್‌ಗೆ (ಮನೆಗೆ ಒಪ್ಪಿ ಕೊಟ್ಟ ಕಿಲೋವ್ಯಾಟ್ ಮಿತಿಗೆ) ಕಟ್ಟುವ ನಿಗದಿತ ಶುಲ್ಕ ಇನ್ನೊಂದು. ಪ್ಯಾನೆಲ್ ಮುಟ್ಟುವುದು ಮೊದಲನೆಯದನ್ನು ಮಾತ್ರ. 2025-26ರ ದರದಲ್ಲಿ ಗೃಹಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ₹145 ನಿಗದಿತ ಶುಲ್ಕ. 3 ಕಿಲೋವ್ಯಾಟ್ ಲೋಡ್ ಇದ್ದರೆ ₹435. ಬಿಸಿಲು ಎಷ್ಟೇ ಕಾಯಲಿ, ಅದು ಬಂದೇ ಬರುತ್ತದೆ. ಇನ್ನೊಂದು ಸಂಗತಿಯನ್ನು ಯಾವ ಕೊಟೇಶನ್‌ನಲ್ಲೂ ಬರೆಯುವುದಿಲ್ಲ: ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ 1 ಅಥವಾ 2 ಕಿಲೋವ್ಯಾಟ್ ಮಾತ್ರ ಇರುತ್ತದೆ. ಸೋಲಾರ್ ಸಾಮರ್ಥ್ಯಕ್ಕೆ ಸರಿಯಾಗಿ ಲೋಡ್ ಏರಿದರೆ ನಿಗದಿತ ಶುಲ್ಕವೂ ಏರುತ್ತದೆ. 1ರಿಂದ 3ಕ್ಕೆ ಹೋದರೆ ತಿಂಗಳಿಗೆ ₹290 ಹೆಚ್ಚು, ಅಂದರೆ ವರ್ಷಕ್ಕೆ ₹3,480. ಲಾಭದ ಲೆಕ್ಕದಲ್ಲಿ ಇದನ್ನು ಕಳೆಯದೆ ಬಿಡಬೇಡಿ.

ಹಾಗೆಯೇ, ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಪಡೆಯುತ್ತಿರುವ ಮನೆಗೆ ಇದು ಬೇಡ. ಉಳಿಸಲು ಏನೂ ಇಲ್ಲದ ಕಡೆ ಲಕ್ಷ ರೂಪಾಯಿ ಹೂಡಿ ಏನು ಮಾಡುವುದು? ತಿಂಗಳಿಗೆ 300 ಯೂನಿಟ್‌ಗಿಂತ ಹೆಚ್ಚು ಉರಿಸುವ, ಅಂದರೆ ದೊಡ್ಡ ಕುಟುಂಬ, ಎಸಿ, ಇಂಡಕ್ಷನ್ ಒಲೆ, ಮನೆಯಲ್ಲೇ ಚಾರ್ಜ್ ಆಗುವ ಸ್ಕೂಟರ್ ಇರುವ ಮನೆಗೆ ಮಾತ್ರ ಲೆಕ್ಕ ಕೂಡುತ್ತದೆ.

ಈಗ ಬಿಲ್ ಓದುವ ಬಗೆ. ಅತಿ ಹೆಚ್ಚು ಜಗಳ ಹುಟ್ಟುವುದು ಇಲ್ಲೇ. ಇನ್ವರ್ಟರ್‌ನ ಆ್ಯಪ್ ಆ ತಿಂಗಳ ಉತ್ಪಾದನೆ 350 ಯೂನಿಟ್ ಅನ್ನುತ್ತದೆ. ಮೀಟರ್‌ನಲ್ಲಿ ಎಕ್ಸ್‌ಪೋರ್ಟ್, ಅಂದರೆ ಗ್ರಿಡ್‌ಗೆ ಹೋದದ್ದು, 190 ಮಾತ್ರ. ಉಳಿದ 160 ಯೂನಿಟ್ ಕದ್ದರು ಎಂದು ಕಚೇರಿಗೆ ಓಡುವವರಿದ್ದಾರೆ. ಯಾರೂ ಕದ್ದಿಲ್ಲ. ಹಗಲು ಹೊತ್ತು ಫ್ರಿಜ್, ಪಂಪು, ಫ್ಯಾನು, ವಾಷಿಂಗ್ ಮೆಷಿನ್ ಆ 160 ಯೂನಿಟ್‌ಗಳನ್ನು ಮೀಟರ್ ತನಕ ಹೋಗಲು ಬಿಡದೆ ತಿಂದಿವೆ. ರಾತ್ರಿ ಮತ್ತು ಮೋಡದ ಹೊತ್ತಿನಲ್ಲಿ ಗ್ರಿಡ್‌ನಿಂದ ತೆಗೆದುಕೊಂಡದ್ದು, ಅಂದರೆ ಇಂಪೋರ್ಟ್, 210. ಮನೆಯ ಒಟ್ಟು ಬಳಕೆ 160 ಕೂಡಿಸು 210, ಅಂದರೆ 370. ಬಿಲ್ ಆಗುವುದು 210 ಕಳೆ 190, ಅಂದರೆ 20 ಯೂನಿಟ್.

ಅದೇ 2025-26ರ ದರದಲ್ಲಿ ಯೂನಿಟ್‌ಗೆ ₹5.80, ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, ವಿದ್ಯುತ್ ದರದ ಮೇಲೆ ಶೇ 9 ತೆರಿಗೆ ಹಿಡಿದರೆ ಒಂದು ಯೂನಿಟ್ ಸುಮಾರು ₹6.68 ಬೀಳುತ್ತದೆ. ಸೋಲಾರ್ ಇಲ್ಲದಿದ್ದರೆ ಆ 370 ಯೂನಿಟ್‌ಗೆ ನಿಗದಿತ ಶುಲ್ಕ ಸೇರಿ ಸುಮಾರು ₹2,900. ಇದ್ದರೆ ಸುಮಾರು ₹570. ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕವನ್ನು ಇಲ್ಲಿ ಹಿಡಿದಿಲ್ಲ. 3 ಕಿಲೋವ್ಯಾಟ್ ವ್ಯವಸ್ಥೆ ದಿನಕ್ಕೆ ಸರಾಸರಿ 10ರಿಂದ 12 ಯೂನಿಟ್ ಕೊಡುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಇದಕ್ಕಿಂತ ಮೇಲೆ, ಜುಲೈನಲ್ಲಿ ತೀರಾ ಕೆಳಗೆ. ಮಲೆನಾಡು, ಕರಾವಳಿಯವರು ಮಳೆಗಾಲದ ಮೂರು ತಿಂಗಳನ್ನು ಲೆಕ್ಕದಿಂದ ಅರ್ಧ ಬಿಟ್ಟೇ ಕೂಡಿಸಬೇಕು.

ತಿಂಗಳ ಎಕ್ಸ್‌ಪೋರ್ಟ್ ಇಂಪೋರ್ಟ್‌ಗಿಂತ ಹೆಚ್ಚಾದರೆ? ಹೆಚ್ಚುವರಿ ಯೂನಿಟ್‌ಗೆ ಸಿಗುವುದು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿಪಡಿಸಿ ಒಪ್ಪಂದದಲ್ಲಿ ಬರೆದ ದರ. ಸಬ್ಸಿಡಿ ಪಡೆದ ವ್ಯವಸ್ಥೆಗೆ ಅದು ನಾವು ಕೊಂಡುಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಮಾರ್ಚ್‌ನಲ್ಲಿ ಕೂಡಿಟ್ಟ ಯೂನಿಟ್ ಜುಲೈನಲ್ಲಿ ಯೂನಿಟ್ ಆಗಿಯೇ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ, ಅದು ಕಡಿಮೆ ಬೆಲೆಯ ರೂಪಾಯಿಯಾಗಿ ಬರುತ್ತದೆ. "ಸೋಲಾರ್‌ನಿಂದ ಅವರು ತಿಂಗಳಿಗೆ ಇಷ್ಟು ದುಡಿಯುತ್ತಾರಂತೆ" ಅನ್ನುವ ಕತೆಗಳು ಬೇರೆ ಕಾಲದವು. 2013ರ ಆದೇಶದಲ್ಲಿ ಸಬ್ಸಿಡಿ ಇಲ್ಲದ ವ್ಯವಸ್ಥೆಗೆ ಯೂನಿಟ್‌ಗೆ ₹9.56 ಇತ್ತು, ಒಪ್ಪಂದ 25 ವರ್ಷದ್ದು. ಆಗ ಹಾಕಿಸಿದವರು ಇಂದಿಗೂ ಆ ದರ ಎಣಿಸುತ್ತಿದ್ದಾರೆ. ಈಗ ಹಾಕಿಸುವವರು ಅವರನ್ನು ನೋಡಿ ತಾರಸಿ ತುಂಬ ಪ್ಯಾನೆಲ್ ಹರಡಿದರೆ ಕೈಸುಟ್ಟುಕೊಳ್ಳುತ್ತಾರೆ. ಕಳೆದ 12 ಬಿಲ್‌ಗಳನ್ನು ಮುಂದಿಟ್ಟುಕೊಂಡು, ಬಳಕೆ ಅತಿ ಕಡಿಮೆ ಇದ್ದ ತಿಂಗಳಲ್ಲೂ ಎಕ್ಸ್‌ಪೋರ್ಟ್ ಮಿತಿಮೀರದಷ್ಟೇ ಗಾತ್ರ ಆರಿಸುವುದು ಜಾಣತನ.

ಸಬ್ಸಿಡಿಯೂ ಅದನ್ನೇ ಹೇಳುತ್ತದೆ. ಮೊದಲ 2 ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000. ನಾಲ್ಕನೆಯ ಕಿಲೋವ್ಯಾಟ್‌ಗೆ ಒಂದು ಪೈಸೆಯೂ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಪ್ಯಾನೆಲ್‌ಗಳ ಒಟ್ಟು ವ್ಯಾಟ್ ಮತ್ತು ಇನ್ವರ್ಟರ್‌ನ ವ್ಯಾಟ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಸಬ್ಸಿಡಿ. 540 ವ್ಯಾಟ್‌ನ 6 ಪ್ಯಾನೆಲ್ ಅಂದರೆ 3.24 ಕಿಲೋವ್ಯಾಟ್, ಇನ್ವರ್ಟರ್ 3 ಕಿಲೋವ್ಯಾಟ್, ಪೂರ್ತಿ ₹78,000 ಸಿಗುತ್ತದೆ. "ಜಾಗ ಸಾಲದು" ಎಂದು 5 ಪ್ಯಾನೆಲ್ ಕೂರಿಸಿ 3 ಕಿಲೋವ್ಯಾಟ್ ಎಂದೇ ಬಿಲ್ ಮಾಡಿದರೆ ಲೆಕ್ಕಕ್ಕೆ ಬರುವುದು 2.7, ಕೈಗೆ ಬರುವುದು ₹72,600. ಕೊಟೇಶನ್‌ನಲ್ಲಿ ಪ್ಯಾನೆಲ್‌ನ ಸಂಖ್ಯೆ, ಒಂದೊಂದರ ವ್ಯಾಟ್, ಇನ್ವರ್ಟರ್‌ನ ಮಾಡೆಲ್ ಮೂರನ್ನೂ ಬರೆಸಿಕೊಳ್ಳಿ.

ಪ್ಯಾನೆಲ್ ಡಿಸಿಆರ್ ಆಗಿರಲೇಬೇಕು, ಅಂದರೆ ಮಾಡ್ಯೂಲ್ ಮಾತ್ರವಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಅಲ್ಲದ ಪ್ಯಾನೆಲ್ ಅಗ್ಗ, ನೋಡಲು ಒಂದೇ ಥರ. "ಮೇಡ್ ಇನ್ ಇಂಡಿಯಾ" ಎಂಬ ಚೀಟಿ ಸಾಕಾಗುವುದಿಲ್ಲ. ಕಂಪನಿ ಕೊಡುವ ಡಿಸಿಆರ್ ಪ್ರಮಾಣಪತ್ರದಲ್ಲಿನ ಸೀರಿಯಲ್ ನಂಬರ್‌ಗಳನ್ನು ಪ್ಯಾನೆಲ್‌ನ ಹಿಂಬದಿಯ ನಂಬರ್ ಜತೆ, ಮೇಲೆ ಬೋಲ್ಟ್ ಹಾಕುವ ಮುನ್ನವೇ, ಒಂದೊಂದಾಗಿ ತಾಳೆ ನೋಡಿ. ಕೂರಿಸಿದ ಮೇಲೆ ಹಿಂಬದಿ ಓದಲು ತಲೆಕೆಳಗಾಗಬೇಕು.

ಸಬ್ಸಿಡಿ ಬರುವುದು ಗ್ರಾಹಕರ ಬ್ಯಾಂಕ್ ಖಾತೆಗೆ. ಗುತ್ತಿಗೆದಾರರಿಗೆ ಪೂರ್ತಿ ಹಣ ಕೊಟ್ಟು ಆಮೇಲೆ ಕಾಯುವ ವ್ಯವಸ್ಥೆ ಇದು. "ಸಬ್ಸಿಡಿ ಕಳೆದು ಉಳಿದದ್ದು ಕೊಡಿ, ಖಾಲಿ ಚೆಕ್ ಇರಲಿ" ಅನ್ನುವವರ ಹತ್ತಿರ ಹೋಗಬೇಡಿ. 3 ಕಿಲೋವ್ಯಾಟ್ ತನಕದ ಸಾಲ ಅಡಮಾನವಿಲ್ಲದೆ, ಮಾಮೂಲಿ ವೈಯಕ್ತಿಕ ಸಾಲಕ್ಕಿಂತ ಬಹಳ ಕಡಿಮೆ ಬಡ್ಡಿಗೆ ಸಿಗುತ್ತದೆ, ಜನಸಮರ್ಥ್ ಪೋರ್ಟಲ್ ಮೂಲಕ.

ಕಾಗದಪತ್ರದಲ್ಲಿ ಸಿಕ್ಕಿಬೀಳುವುದು ಬಹುಪಾಲು ಒಂದೇ ಕಾರಣಕ್ಕೆ: ಹೆಸರು. ಆರ್‌ಆರ್ ನಂಬರ್ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿ, ಆಧಾರ್ ಮಗನದು, ಪಾಸ್‌ಬುಕ್ ಸೊಸೆಯದು. ಬಿಲ್, ಬ್ಯಾಂಕ್ ಖಾತೆ, ಆಧಾರ್ ಮೂರೂ ಒಬ್ಬರದೇ ಆಗಿ, ಇನಿಷಿಯಲ್ ಸಮೇತ ಹೊಂದಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಹೆಸರು ಬದಲಾವಣೆಯನ್ನು ಉಪವಿಭಾಗ ಕಚೇರಿಯಲ್ಲಿ ಮೊದಲು ಮುಗಿಸಿ, ಆಮೇಲೆ ಪಿಎಂ ಸೂರ್ಯ ಘರ್‌ನ ರಾಷ್ಟ್ರೀಯ ಪೋರ್ಟಲ್‌ಗೆ ಹೋಗಿ. ಅಲ್ಲಿ ರಾಜ್ಯ, ಎಸ್ಕಾಂ, ಬಿಲ್‌ನಲ್ಲಿರುವ ಅಕೌಂಟ್ ಐಡಿ ಕೊಟ್ಟು ನೋಂದಣಿ. 10 ಕಿಲೋವ್ಯಾಟ್ ತನಕ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಒಪ್ಪಿತ ಎಂದು 2024ರ ತಿದ್ದುಪಡಿ ನಿಯಮ ಹೇಳುತ್ತದೆ, ಅದಕ್ಕೆ ಬೇಕಾದ ಲೋಡ್ ಏರಿಕೆಯನ್ನೂ ಎಸ್ಕಾಂ ಮಾಡಿಕೊಡಬೇಕು. ಕಚೇರಿಯಲ್ಲಿ "ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ನೋಡಬೇಕು" ಎಂಬ ಉತ್ತರ ಬಂದರೆ ಈ ನಿಯಮ ನೆನಪಿಸಿ. ಪೋರ್ಟಲ್‌ನಲ್ಲಿ ನೋಂದಾಯಿತ ಗುತ್ತಿಗೆದಾರರನ್ನು ಆರಿಸಿ, ಒಪ್ಪಂದ, ಅಳವಡಿಕೆ, ನೆಟ್ ಮೀಟರ್, ತಪಾಸಣೆ, ಕಮಿಷನಿಂಗ್ ವರದಿ (ವ್ಯವಸ್ಥೆ ಚಾಲನೆಗೊಂಡಿದೆ ಎಂಬ ವರದಿ), ಕೊನೆಗೆ ಬ್ಯಾಂಕ್ ವಿವರ. ಕಮಿಷನಿಂಗ್ ವರದಿ ಪೋರ್ಟಲ್‌ಗೆ ಏರದಿದ್ದರೆ ಸಬ್ಸಿಡಿಯ ಗಡಿಯಾರ ಶುರುವೇ ಆಗುವುದಿಲ್ಲ. ಪ್ಯಾನೆಲ್ ಕೂತು ವಾರಗಟ್ಟಲೆ ಆದರೂ ಹಣ ಬಂದಿಲ್ಲ ಎಂದರೆ ಮೊದಲು ಅಲ್ಲಿ ನೋಡಿ.

ಪ್ಯಾನೆಲ್ ಕೂತಾಯಿತು, ನೆಟ್ ಮೀಟರ್ ಇನ್ನೂ ಬಂದಿಲ್ಲ. ಗುತ್ತಿಗೆದಾರರು "ಸುಮ್ಮನೆ ಯಾಕೆ ಬಿಸಿಲು ವ್ಯರ್ಥ" ಎಂದು ಇನ್ವರ್ಟರ್ ಆನ್ ಮಾಡಿ ಹೋಗುತ್ತಾರೆ. ಇದು ದುಬಾರಿ ತಪ್ಪು. ಹಳೆಯ ಡಿಜಿಟಲ್ ಮೀಟರ್‌ಗಳಲ್ಲಿ ಬಹುಪಾಲು ದಿಕ್ಕು ನೋಡುವುದಿಲ್ಲ, ಹೊರಗೆ ಹೋಗುವ ಕರೆಂಟನ್ನೂ ಒಳಗೆ ಬಂದದ್ದೆಂದೇ ಎಣಿಸುತ್ತವೆ. ದಾನ ಕೊಟ್ಟ ಯೂನಿಟ್‌ಗೂ ಬಿಲ್ ಬರುತ್ತದೆ. ಎರಡು ದಿಕ್ಕಿನ ಮೀಟರ್ ಪ್ರಯೋಗಾಲಯದಲ್ಲಿ ಪರೀಕ್ಷೆಗೊಂಡು, ಸೀಲ್ ಆಗಿ, ಗೋಡೆಗೆ ಕೂರುವ ತನಕ ಇನ್ವರ್ಟರ್‌ನಿಂದ ಮೀಟರ್ ಕಡೆಗೆ ಹೋಗುವ ತಂತಿಯ ಎಂಸಿಬಿ (ಸರ್ಕ್ಯೂಟ್ ಬ್ರೇಕರ್) ಆಫ್ ಆಗಿಯೇ ಇರಲಿ. ಬದಲಾಯಿಸಿದ ದಿನ ಹಳೆಯ ಮೀಟರ್‌ನ ಕೊನೆಯ ರೀಡಿಂಗ್, ಹೊಸದರ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡನ್ನೂ ಫೋಟೊ ತೆಗೆದಿಡಿ. ಮೊದಲ ಬಿಲ್‌ನಲ್ಲಿ ಮೀಟರ್ ರೀಡರ್ ಎಕ್ಸ್‌ಪೋರ್ಟ್ ಅಂಕಣ ಖಾಲಿ ಬಿಡುವುದು ಅಪರೂಪವೇನಲ್ಲ, ಆಗ ಈ ಫೋಟೊ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ವರ್ಷಗಳ ಬಳಕೆಯಲ್ಲಿ ಯೂನಿಟ್ ನುಂಗುವುದು ಧೂಳು ಮಾತ್ರವಲ್ಲ, ವೋಲ್ಟೇಜ್ ಕೂಡ. ಗ್ರಿಡ್ 253 ವೋಲ್ಟ್ ದಾಟಿದರೆ ಇನ್ವರ್ಟರ್ ನಿಯಮದ ಪ್ರಕಾರ 2 ಸೆಕೆಂಡಿನೊಳಗೆ ಕೈಬಿಡಬೇಕು. ಹಳ್ಳಿಯ ಕೆಲವು ಲೈನ್‌ಗಳಲ್ಲಿ, ಬಡಾವಣೆಯ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರದ ಮನೆಗಳಲ್ಲಿ ಮಧ್ಯಾಹ್ನ 245 ವೋಲ್ಟ್ ಇರುವುದುಂಟು. ಇನ್ವರ್ಟರ್ ಕರೆಂಟ್ ಹೊರತಳ್ಳುವಾಗ ತನ್ನ ತುದಿಯ ವೋಲ್ಟೇಜನ್ನು ಇನ್ನಷ್ಟು ಏರಿಸಿಕೊಳ್ಳುತ್ತದೆ. 3 ಕಿಲೋವ್ಯಾಟ್ ಅಂದರೆ 13 ಆಂಪ್. ತಾರಸಿಯಿಂದ ಮೀಟರ್‌ಗೆ 30 ಮೀಟರ್ ದೂರ, 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದರೆ ಏರಿಕೆ ಸುಮಾರು 6 ವೋಲ್ಟ್. ಅದೇ ದೂರಕ್ಕೆ 6 ಚದರ ಮಿಲಿಮೀಟರ್ ಎಳೆದರೆ ಎರಡೂವರೆಯಷ್ಟೇ. ತಂತಿಯಲ್ಲಿ ಉಳಿಸಿದ ಹಣವನ್ನು ಇನ್ವರ್ಟರ್ ಹನ್ನೆರಡೂವರೆಯ ಬಿಸಿಲಲ್ಲಿ ಪದೇ ಪದೇ ಆರಿ ವಸೂಲಿ ಮಾಡುತ್ತದೆ. ಆ್ಯಪ್‌ನ ದಿನದ ಗ್ರಾಫ್ ಗುಡ್ಡದ ಹಾಗೆ ನಯವಾಗಿ ಇಳಿಯಬೇಕು. ನೆತ್ತಿಯಲ್ಲಿ ಬಾಚಣಿಗೆಯ ಹಲ್ಲು ಕಂಡರೆ ಅದು ಮೋಡವೂ ಇರಬಹುದು, ಆದರೆ ಶುಭ್ರ ಆಕಾಶದ ದಿನವೂ ಕಂಡರೆ ವೋಲ್ಟೇಜೇ. ದಪ್ಪ ತಂತಿ ಹಾಕಿಸಿದ ಮೇಲೂ ನಿಲ್ಲದಿದ್ದರೆ, ಲೈನ್‌ಮ್ಯಾನ್‌ಗೆ ಬಾಯಲ್ಲಿ ಹೇಳುವ ಬದಲು ಲಿಖಿತ ದೂರು ಕೊಡಿ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸಿ ವೋಲ್ಟೇಜ್ ಇಳಿಸುವುದು ಎಸ್ಕಾಂನ ಕೆಲಸ.

ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ. ಕಂಬದ ಮೇಲೆ ಕೆಲಸ ಮಾಡುವವರ ಜೀವ ಉಳಿಸಲೆಂದೇ ಹೀಗೆ ಮಾಡಿದ್ದಾರೆ, ದೋಷ ಅಲ್ಲ. ಲೋಡ್‌ಶೆಡ್ಡಿಂಗ್‌ಗೆ ಪರಿಹಾರ ಬೇಕಿದ್ದವರು ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ನೋಡಬೇಕು. ಬೆಲೆ ಬೇರೆಯೇ ಮಟ್ಟದ್ದು.

ನೆರಳಿನ ಬಗ್ಗೆ ಒಂದೇ ಮಾತು: ತಾರಸಿಯ ಸಿಂಟೆಕ್ಸ್ ಟ್ಯಾಂಕ್ ಪ್ಯಾನೆಲ್‌ನ ದಕ್ಷಿಣಕ್ಕೆ ಇರಬಾರದು. ಅರ್ಥಿಂಗ್ ಗುಂಡಿ ಮೂರು, ಸಿಡಿಲು ತಡೆಗೆ ಒಂದು, ಪ್ಯಾನೆಲ್ ಕಡೆಯ ಡಿಸಿ ಕರೆಂಟ್‌ಗೆ ಒಂದು, ಇನ್ವರ್ಟರ್‌ನಿಂದಾಚೆಯ ಎಸಿ ಕರೆಂಟ್‌ಗೆ ಒಂದು. ಒಂದೇ ಗುಂಡಿಗೆ ಮೂರೂ ಸೇರಿಸಿದ್ದರೆ ಅಗೆಸಿ. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ಗಳ ಎರಡೂ ತುದಿ ಒಂದೇ ಕಂಪನಿಯದಿರಲಿ, ಬೇರೆ ಬೇರೆ ಸೇರಿಸಿದ ಜೋಡಿ ಸಡಿಲವಾಗಿ ಬಿಸಿಯಾಗಿ ಕರಗಬಹುದು.

ತೊಳೆಯುವುದು 15 ದಿನಕ್ಕೊಮ್ಮೆ, ಬೆಳಗ್ಗೆ 7ರ ಒಳಗೆ, ಗಾಜು ಕಾಯುವ ಮುಂಚೆ. ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್ ಬರೀ 10ರಿಂದ 15 ಡಿಗ್ರಿ ಬಾಗಿರುವುದರಿಂದ ಮಳೆ ನೀರು ಮೇಲಿನ ಧೂಳನ್ನೆಲ್ಲ ಕೆಳ ಅಂಚಿನ ಚೌಕಟ್ಟಿಗೆ ತಂದು ನಿಲ್ಲಿಸುತ್ತದೆ. ಒಣಗಿದ ಮೇಲೆ ಅಲ್ಲಿ ಬೆರಳಗಲದ ಮಣ್ಣಿನ ಪಟ್ಟಿ ಉಳಿಯುತ್ತದೆ, ಅದು ಕೆಳಸಾಲಿನ ಸೆಲ್‌ಗಳ ಮೇಲೆ ಕೂತ ನೆರಳಿದ್ದಂತೆ. ಉಳಿದ ಗಾಜು ಫಳಫಳ ಅನ್ನುತ್ತಿದ್ದರೂ ಆ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಬೋರ್‌ವೆಲ್ ನೀರಾದರೆ ತೊಳೆದು ಹಾಗೇ ಬಿಡಬೇಡಿ, ಬಿಳಿ ಉಪ್ಪು ಕಟ್ಟಿ ಎರಡು ವರ್ಷದಲ್ಲಿ ಕೆರೆದರೂ ಹೋಗದಂತಾಗುತ್ತದೆ. ವೈಪರ್‌ನಿಂದ ಎಳೆದುಬಿಡಿ. ಯೋಜನೆಯ ನಿಯಮದಂತೆ ಗುತ್ತಿಗೆದಾರರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು, ಆದರೆ ಅದರಲ್ಲಿ ತೊಳೆಯುವುದು ಸೇರಿದೆಯೇ ಇಲ್ಲವೇ ಎಂದು ಒಪ್ಪಂದದಲ್ಲೇ ಬರೆಸಿಕೊಂಡು ಸಹಿ ಹಾಕಿ.