ಮೂಡುಬಿದಿರೆ–ಕಾರ್ಕಳ–ವೇಣೂರು: ಒಂದು ದಿನದ ಬಸದಿ ಸುತ್ತಾಟ ಹೇಗಿದೆ?

ಮಂಗಳೂರಿನ ಬಾಡಿಗೆ ಕಾರಿನವರನ್ನು ಕೇಳಿದರೆ ಈ ಸುತ್ತಿಗೆ ಸಾಮಾನ್ಯವಾಗಿ ಒಂದೇ ಕ್ರಮ ಹೇಳುತ್ತಾರೆ: ಮೊದಲು ಮೂಡುಬಿದಿರೆ, ಆಮೇಲೆ ಕಾರ್ಕಳ, ಬರುವಾಗ ವೇಣೂರು. ದಾರಿಯ ಲೆಕ್ಕದಲ್ಲಿ ಸರಿಯೇ, ಪಾದದ ಲೆಕ್ಕದಲ್ಲಿ ತಪ್ಪು. ಹಾಗೆ ಹೋದರೆ ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ತಲುಪುವುದು ನಡು ಮಧ್ಯಾಹ್ನ. ಬೆಟ್ಟವೆಂದರೆ ಬೋಳು ಪಾದೆ, ಅಂದರೆ ಬರೀ ಬಂಡೆ. ಮೇಲೆ ಪ್ರಾಕಾರದೊಳಗೆ ಚಪ್ಪಲಿ ಬಿಡಬೇಕು, ನೆಲವೆಲ್ಲ ಕಲ್ಲು. ಕಾದ ಕಲ್ಲಿನ ಮೇಲೆ ನಿಂತು 42 ಅಡಿಯ ಮೂರ್ತಿಯನ್ನು ತಲೆಯೆತ್ತಿ ನೋಡುವ ಸಹನೆ ಯಾರಿಗೂ ಇರುವುದಿಲ್ಲ. ಒಂದು ಸೆಲ್ಫಿ, ಇಳಿದು ಸೀಯಾಳ, ಅಲ್ಲಿಗೆ ಮುಗಿಯಿತು.

ಆದ್ದರಿಂದ ಮೊದಲು ಕಾರ್ಕಳ. ಉಡುಪಿಯಿಂದ ಬರುವವರಿಗೆ ಇದು ತಾನಾಗಿಯೇ ಸರಿಹೊಂದುತ್ತದೆ: ಮಣಿಪಾಲ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ. ಮಂಗಳೂರಿನವರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬೆಳಗಿನ ಕಾರ್ಕಳ ಬಸ್ಸು ಹತ್ತಿ, ಮೂಡುಬಿದಿರೆಯಲ್ಲಿ ಇಳಿಯದೆ ನೇರ ಮುಂದೆ ಹೋಗಬೇಕು, 50 ಕಿ.ಮೀ. ಆಸುಪಾಸಿನ ದಾರಿ. ಕಾರ್ಕಳ ಪೇಟೆಯಲ್ಲಿ ತಿಂಡಿ ಮುಗಿಸಿ ಆಟೋ ಹಿಡಿದರೆ ಬಿಸಿಲೇರುವ ಮೊದಲೇ ಬೆಟ್ಟದ ಮೇಲಿರಬಹುದು. ಮೆಟ್ಟಿಲೂ ಇದೆ, ವಾಹನ ಹತ್ತುವ ದಾರಿಯೂ ಇದೆ. ಮಂಡಿನೋವಿನ ಹಿರಿಯರಿದ್ದರೆ ಎರಡನೆಯದು.

ಬಾಹುಬಲಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ. ಶ್ರವಣಬೆಳಗೊಳದ ಮೂರ್ತಿಗಿಂತ ಎತ್ತರ ಕಡಿಮೆ, ಆದರೆ ಇಲ್ಲಿ ಜನಜಂಗುಳಿಯಿಲ್ಲದೆ ನೋಡಬಹುದು. ಗೊಮ್ಮಟನನ್ನು ನೋಡಿದವರಲ್ಲಿ ಎಷ್ಟೋ ಜನ ಎದುರಿನ ದಿಬ್ಬದ ಚತುರ್ಮುಖ ಬಸದಿಯನ್ನು ಬಿಟ್ಟುಬಿಡುತ್ತಾರೆ. ದೊಡ್ಡ ನಷ್ಟ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಇದಕ್ಕೆ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಯಾವುದರಲ್ಲಿ ಇಣುಕಿದರೂ ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರ ನಿಂತ ಮೂರ್ತಿಗಳೇ ಎದುರಾಗುತ್ತವೆ. ಕಂಬ 108 ಎನ್ನುತ್ತಾರೆ. ಎಣಿಸುವವರು ಹೊರಗಿನವನ್ನಷ್ಟೇ ಎಣಿಸಿ ಕಡಿಮೆ ಬಂತು ಎಂದು ತಕರಾರು ತೆಗೆಯುವುದುಂಟು. ಒಳಗಿನವನ್ನೂ ಸೇರಿಸಿಕೊಳ್ಳಬೇಕು.

ಹನ್ನೊಂದಕ್ಕೆಲ್ಲ ಕಾರ್ಕಳ ಬಿಟ್ಟು ಮೂಡುಬಿದಿರೆಗೆ ಹೊರಡಿ. ಬೆಳುವಾಯಿ ಮೇಲಾಗಿ ಬಸ್ಸಿಗೆ ಬರವಿಲ್ಲ. ಇಡೀ ದಿನದ ತಿರುಳು ಇರುವುದು ಇಲ್ಲಿನ ಸಾವಿರ ಕಂಬದ ಬಸದಿಯಲ್ಲಿ, ಮತ್ತು ಬಿಸಿಲಿನ ಹೊತ್ತಿಗೆ ಇದಕ್ಕಿಂತ ತಂಪಾದ ಜಾಗ ಈ ಸುತ್ತಿನಲ್ಲಿಲ್ಲ. 1430ರಲ್ಲಿ ಆರಂಭವಾದ ಮೂರಂತಸ್ತಿನ ಕಟ್ಟಡ. ಕೆಳಗೆ ಕಲ್ಲು, ಮೇಲೆ ಮರ. ಮಾಡು ಇಳಿಜಾರಾಗಿ ಹೊರಚಾಚಿರುವುದು ಚೆಂದಕ್ಕಲ್ಲ, ನಮ್ಮ ಆಟಿ ತಿಂಗಳ (ತುಳುವರ ಆಷಾಢದ) ಮಳೆಗೆ. ಬಯಲುಸೀಮೆಯ ಗುಡಿಗಳಂತೆ ಚಪ್ಪಟೆ ಮಾಡು ಹೊದಿಸಿದ್ದರೆ ಮರದ ಅಂತಸ್ತುಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ.

ಬಸದಿಯೆದುರಿನ ಎತ್ತರದ ಕಲ್ಲುಕಂಬ ಮಾನಸ್ತಂಭವನ್ನು ದಾಟಿದ ಕೂಡಲೇ ಒಳಗಿನ ಕಂಬಗಳತ್ತ ಓಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಭೈರಾದೇವಿ ಮಂಟಪದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಜಗತಿಯ (ಕಟ್ಟೆಯ) ಕೆತ್ತನೆ ಪಟ್ಟಿಗಳನ್ನು ಒಂದೊಂದಾಗಿ ನೋಡಿ. ಆನೆ, ಕುದುರೆ, ಕುಣಿಯುವವರ ನಡುವೆ ಉದ್ದ ಕತ್ತಿನ ಜಿರಾಫೆ ಸಿಗುತ್ತದೆ, ಚೀನಾದ ಡ್ರ್ಯಾಗನ್ನೂ ಸಿಗುತ್ತದೆ. ಆಫ್ರಿಕಾದ ಪ್ರಾಣಿ ತುಳುನಾಡಿನ ಬಸದಿಗೆ ಬಂದದ್ದು ಮೆಣಸು, ಅಕ್ಕಿ ಸಾಗಿಸುತ್ತಿದ್ದ ಕಡಲ ವ್ಯಾಪಾರದ ಬೆನ್ನಿಗೆ. ಶಿಲ್ಪಿ ಅದನ್ನು ಕಣ್ಣಾರೆ ಕಂಡನೋ, ನಾವಿಕರ ಬಾಯಲ್ಲಿ ಕೇಳಿದನೋ ಎಂದು ವಾದಿಸುತ್ತಾ ಅಲ್ಲೇ ಅರ್ಧ ಗಂಟೆ ಕಳೆಯಬಹುದು. ಕೆತ್ತನೆ ಸಣ್ಣದು, ಮೊಣಕಾಲಿನ ಮಟ್ಟಕ್ಕಿರುವುದರಿಂದ ನಿಂತುಕೊಂಡು ಹುಡುಕಿದರೆ ಕಾಣದು. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ನೆರಳು ಬಿದ್ದು ಗೆರೆ ಎದ್ದು ಕಾಣುತ್ತದೆ. ಒಳಗಿನ ಕಂಬಗಳಿಗೂ ಇದೇ ಉಪಾಯ. ಒಂದರಂತೆ ಇನ್ನೊಂದಿಲ್ಲ ಎಂಬ ಮಾತು ಅಕ್ಕಪಕ್ಕದ ಎರಡನ್ನು ಬುಡದಿಂದ ತುದಿಯ ಬೋದಿಗೆಯವರೆಗೆ ಹೋಲಿಸಿದಾಗಲೇ ಅರ್ಥವಾಗುವುದು.

ಗರ್ಭಗುಡಿಯಲ್ಲಿ ಚಂದ್ರನಾಥ ಸ್ವಾಮಿಯ ಪಂಚಲೋಹದ ಮೂರ್ತಿ. ಅಲ್ಲಿ ಟಾರ್ಚ್ ಬೇಡ, ಫೋಟೋ ಬೇಡ. ದೀಪದ ಬೆಳಕಿಗೆ ಕಣ್ಣು ಹೊಂದಲು ಎರಡು ನಿಮಿಷ ಕೊಟ್ಟರೆ ಸಾಕು. ಬರ್ಮುಡಾ ತೊಟ್ಟು ಬರಬೇಡಿ, ಇದು ಪೂಜೆ ನಡೆಯುವ ಜಾಗ. ಕೊರತೆ ಹೇಳಬೇಕೆಂದರೆ, ವಿವರ ಫಲಕಗಳು ಸಾಲದು. ಜಿರಾಫೆ ಎಲ್ಲಿದೆಯೆಂದು ಮೊದಲೇ ತಿಳಿಯದೆ ಹೋದವರು ಅದನ್ನು ನೋಡದೆಯೇ ಮರಳುತ್ತಾರೆ.

ಊರಲ್ಲಿ ಒಟ್ಟು 18 ಬಸದಿಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಸಮಯ ಉಳಿದರೆ ಜೈನಪೇಟೆಯ ಗುರುಬಸದಿ ನೋಡಿ. ಜೈನ ಸಿದ್ಧಾಂತದ ಧವಳಾ ಗ್ರಂಥಗಳ ತಾಳೆಗರಿ ಪ್ರತಿಗಳು ಉಳಿದು ಬಂದದ್ದು ಇದೇ ಊರಲ್ಲಿ, ಆದರೆ ದಾರಿಹೋಕರು ಕೇಳಿದ ತಕ್ಷಣ ತೆರೆದು ತೋರಿಸುವ ವಸ್ತುಗಳಲ್ಲ ಅವು.

ಇನ್ನು ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ, ಫಲ್ಗುಣಿ ನದಿಯ ದಡದಲ್ಲಿ. ಬೆಟ್ಟ ಹತ್ತುವ ಕೆಲಸವಿಲ್ಲ, ಸಂಜೆಗೆ ಹಿತವಾದ ಜಾಗ. ಸ್ವಂತ ವಾಹನವಿದ್ದರೆ ಖಂಡಿತ ಸೇರಿಸಿಕೊಳ್ಳಿ. ಬಸ್ಸಿನವರು ಬಿಡುವುದೇ ಲೇಸು: ಮೂಡುಬಿದಿರೆಯಿಂದ ಹೋಗಿ ಬರುವುದರಲ್ಲೇ ಮಧ್ಯಾಹ್ನ ಪೂರ್ತಿ ಕರಗುತ್ತದೆ, ಬಸದಿಗೆ ಕೊಡಬೇಕಾದ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಕಳೆಯುತ್ತದೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾರ್ಕಳದ ಪಾದೆ ಪಾಚಿಗಟ್ಟಿ ಜಾರುತ್ತದೆ, ಆಗ ಮೂಡುಬಿದಿರೆ ಒಂದನ್ನೇ ನೋಡಿ. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಕಾರ್ಕಳದ್ದು 2015ರಲ್ಲಿ, ವೇಣೂರಿನದ್ದು 2024ರಲ್ಲಿ ನಡೆದಿದೆ. ಅದರ ತಯಾರಿಯ ದಿನಗಳಲ್ಲಿ ಮೂರ್ತಿಯ ಸುತ್ತ ಅಟ್ಟಳಿಗೆ ಕಟ್ಟುತ್ತಾರೆ, ಶಿಲ್ಪ ನೋಡಲೆಂದೇ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.