ಏರ್ ಪಿಸ್ತೂಲಿಗೆ ಯಾವ ಪೆಲೆಟ್? ನಾಲ್ಕು ಡಬ್ಬಿ ತೂಗಿ, ಹೊಡೆದು ನೋಡಿದ್ದು

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಓಣಿಯ ನಾಲ್ಕೈದು ಮನೆಯವರು ನನ್ನ ಹತ್ತಿರ ಬಂದು ವಿಚಾರಿಸಿದರು. ನನ್ನ ದೊಡ್ಡ ಮಗಳು ಅದಕ್ಕೂ ಮೊದಲಿನಿಂದಲೇ ಈ ಆಟ ಆಡುತ್ತಾಳೆ ಅಂತ ಅವರಿಗೆ ಗೊತ್ತು. ಎಲ್ಲರೂ ಕೇಳುವುದು ಒಂದೇ: ಯಾವ ಪಿಸ್ತೂಲು ತಗೋಬೇಕು? ಯಾವ ಪೆಲೆಟ್, ಅಂದರೆ ಅದರಲ್ಲಿ ಹಾಕುವ ಪುಟ್ಟ ಗುಂಡು, ಹಾಕಬೇಕು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಾನೂ ಎರಡು ವರ್ಷ ಕೇಳಿರಲಿಲ್ಲ. ಅದರ ತೊಂದರೆ ಮಗಳು ಅನುಭವಿಸಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ಸರಾಫ್ ಬಜಾರಿನಲ್ಲಿ ಬಂಗಾರದ ಕೆಲಸ ಮಾಡುವವನು. ಮನೆ ಬ್ರಹ್ಮಪುರದಲ್ಲಿ. ಹಳೆಯ ಮನೆ, ಉದ್ದನೆಯ ಪಡಸಾಲೆ, ನೆಲಕ್ಕೆ ಶಹಾಬಾದ್ ಕಲ್ಲು. ಗೋಡೆಯಿಂದ ಗೋಡೆಗೆ ಅಳೆದರೆ ಮೂವತ್ತೇಳು ಅಡಿ. ಆಟಕ್ಕೆ ಬೇಕಾಗಿದ್ದು ಹತ್ತು ಮೀಟರ್, ಅಂದರೆ ಸುಮಾರು ಮೂವತ್ಮೂರು ಅಡಿ. ಒಂದು ತುದಿಗೆ ಹೊಡೆದ ಗುಂಡು ಹಿಡಿದುಕೊಳ್ಳುವ ಕಬ್ಬಿಣದ ಪೆಲೆಟ್ ಟ್ರ್ಯಾಪ್ ಇಟ್ಟು, ಅದರ ಹಿಂದೆ ದಪ್ಪ ಹಲಗೆ ನಿಲ್ಲಿಸಿದ್ದೇವೆ. ಅಡುಗೆಮನೆ ಬಾಗಿಲಿಗೆ ಚಿಲಕ ಹಾಕಿ, ಕನ್ನಡಕ ಹಾಕಿಕೊಂಡ ಮೇಲೆಯೇ ಮೊದಲ ಗುಂಡು. ಇದರಲ್ಲಿ ಯಾವತ್ತೂ ರಿಯಾಯಿತಿ ಇಲ್ಲ.

ಶುರುವಿನಿಂದ ನಾವು ಹಾಕುತ್ತಿದ್ದದ್ದು ಅಗ್ಗದ ಒಂದು ದೇಶಿ ಡಬ್ಬಿ. ಹೆಸರು ಬೇಡ. ಮಗಳು ಚೆನ್ನಾಗಿಯೇ ಹೊಡೆಯುತ್ತಿದ್ದಳು. ಗುರಿಯ ಕಾರ್ಡಿನ ನಟ್ಟನಡುವಿನ ಉಂಗುರಕ್ಕೆ ಬಿದ್ದರೆ ಹತ್ತು ಅಂಕ, ಹೊರಗೆ ಹೋದ ಹಾಗೆ ಕಡಿಮೆ. ಒಂಬತ್ತು, ಹತ್ತು, ಒಂಬತ್ತು, ಹತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಏಳು. ಏಳು ಬಂದ ಕೂಡಲೇ ಕೈ ಇಳಿಸಿ ಸುಮ್ನೆ ನಿಂತುಬಿಡುತ್ತಿದ್ದಳು. ಬೆರಳು ಜೋರಾಗಿ ಎಳೆದೆನೇ, ಮಣಿಕಟ್ಟು ಬಿದ್ದಿತೇ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆ ನೋಟ್‌ಬುಕ್ ಒಂದು ದಿನ ನಾನು ಓದಿದೆ. ಪುಟ ಪುಟಕ್ಕೂ 'ನನ್ನ ತಪ್ಪು' ಅಂತ ಇತ್ತು. ನನಗೆ ಸಂಕಟವಾಯಿತು. ನಿಜವಾಗಿ ಅವಳದೇ ತಪ್ಪಾ, ನೋಡಿಯೇ ಬಿಡೋಣ ಅಂತ ಹೊರಟೆ.

ಗೊತ್ತಿಲ್ಲದವರಿಗೆ ಒಂದು ಮಾತು. ಏರ್ ಪಿಸ್ತೂಲಿನ ಪೆಲೆಟ್ ಸೀಸದ್ದು, 4.5 ಮಿ.ಮೀ. ಆಕಾರ ಥೇಟ್ ಡಮರು. ಮುಂದೆ ತಲೆ, ನಡುವೆ ಸೊಂಟ, ಹಿಂದೆ ಟೊಳ್ಳಾದ ಲಂಗ. ಪಂದ್ಯದ ಪೆಲೆಟ್ಟಿನ ತಲೆ ಚಪ್ಪಟೆಯಾಗಿರುತ್ತದೆ, ಕಾರ್ಡಿನಲ್ಲಿ ಪಂಚ್ ಹೊಡೆದ ಹಾಗೆ ದುಂಡಗೆ ತೂತು ಬೀಳಲಿ ಅಂತ. ಲಂಗ ತೆಳು ಮತ್ತು ಮೆತ್ತಗೆ. ಹಿಂದಿನಿಂದ ಬರುವ ಗಾಳಿ ಸೋರದ ಹಾಗೆ ನಳಿಗೆಗೆ ಅಂಟಿಕೊಂಡು ಸಾಗುವುದು ಅದರ ಕೆಲಸ. ಡಬ್ಬಿಯ ಮೇಲೆ ಎರಡು ಅಂಕಿ ನೋಡಬೇಕು: ತೂಕ, ಮತ್ತು ತಲೆಯ ಅಳತೆ. 4.49, 4.50, 4.51 ಹೀಗೆ.

ನಾನು ತರಿಸಿದ್ದು ಮೂರು ಜರ್ಮನ್ ಡಬ್ಬಿ. ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್, 0.45 ಗ್ರಾಂನದು. ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಲೈಟ್, 0.51 ಗ್ರಾಂನದು, ಅದರಲ್ಲಿ ಒಂದು 4.49 ತಲೆಯದು, ಒಂದು 4.50 ತಲೆಯದು. ನಾಲ್ಕನೆಯದು ನಮ್ಮ ಹಳೆಯ ದೇಶಿ ಡಬ್ಬಿ. ಎಲ್ಲದರಲ್ಲೂ ಐನೂರು ಪೆಲೆಟ್. ಜರ್ಮನ್ ಡಬ್ಬಿಗೆ ನಾನು ಕೊಟ್ಟಿದ್ದು ದೇಶಿ ಡಬ್ಬಿಯ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ.

ನನ್ನ ಕಸುಬು ತೂಕದ ಮೇಲೆ ನಿಂತಿದ್ದು. ಹಾಗಾಗಿ ಮೊದಲು ಕೈ ಹೋಗಿದ್ದು ತಕ್ಕಡಿಗೇ. ಒಂದು ಮಿಲಿಗ್ರಾಂ ತೋರಿಸುವ ಹಳೆಯ ತಕ್ಕಡಿಯನ್ನು ಮನೆಗೆ ತಂದೆ. ಅಂಗಡಿಯಲ್ಲಿ ಮಾತ್ರ ಪೆಲೆಟ್ ಬಿಚ್ಚಲಿಲ್ಲ. ಸೀಸ ಚೂರೇ ಚೂರು ಬಂಗಾರಕ್ಕೆ ಸೇರಿದರೂ ಬಂಗಾರ ಬಡಿಯುವಾಗ ಬಿರುಕು ಬಿಡುತ್ತದೆ. ನಮ್ಮ ಕಸುಬಿನವರಿಗೆ ಸೀಸ ಅಂದರೆ ಆಗಿಬರದ ವಸ್ತು. ಚಿಮಟದಲ್ಲಿ ಒಂದೊಂದೇ ಎತ್ತಿ, ಡಬ್ಬಿಗೆ ಐವತ್ತರ ಹಾಗೆ ಇನ್ನೂರು ಪೆಲೆಟ್ ತೂಗಿದೆ. ಎರಡು ರಾತ್ರಿ ಹಿಡಿಯಿತು.

ಫಿನಾಲೆ ಮ್ಯಾಚ್ ಲೈಟ್ ನೋಡಿ ಖುಷಿಯಾಯಿತು. ನಮ್ಮ ತಂದೆಯವರ ಕಾಲದ ಲೆಕ್ಕದಲ್ಲಿ ಹೇಳಬೇಕೆಂದರೆ ಹೆಚ್ಚುಕಡಿಮೆ ನಾಲ್ಕು ಗುಂಜಿ ತೂಕ. ಐವತ್ತರಲ್ಲಿ ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಐದೇ ಮಿಲಿಗ್ರಾಂ ವ್ಯತ್ಯಾಸ. ಆರ್10 ಅದಕ್ಕಿಂತ ಕೂದಲೆಳೆ ಚೆನ್ನಾಗಿತ್ತು, ನಾಲ್ಕು ಮಿಲಿಗ್ರಾಂ. ದೇಶಿ ಡಬ್ಬಿಯಲ್ಲಿ 0.498ರಿಂದ 0.531ರವರೆಗೆ ಸಿಕ್ಕವು. ಮೂವತ್ಮೂರು ಮಿಲಿಗ್ರಾಂ! ಸಿಕ್ಕಿತು ಕಳ್ಳ ಅಂದುಕೊಂಡೆ.

ಮಗಳು ಒಪ್ಪಲಿಲ್ಲ. ಫಿಸಿಕ್ಸ್ ಪುಸ್ತಕ ತಂದು ಪಕ್ಕದಲ್ಲಿ ಕೂತಳು. ಇಂಥ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಭೂಮಿ ಅದನ್ನು ಸುಮಾರು 22 ಮಿ.ಮೀ. ಕೆಳಕ್ಕೆ ಎಳೆದಿರುತ್ತದೆ. ಆ ಇಳಿತಕ್ಕೆ ತಕ್ಕ ಹಾಗೆ ಪಿಸ್ತೂಲಿನ ಮೇಲೆ ಗುರಿ ನೋಡುವ ಸೈಟ್ ಹೊಂದಿಸಿರುತ್ತೇವೆ. ತೂಕ ನೂರಕ್ಕೆ ಒಂದು ಪಾಲು ಬದಲಾದರೆ ಬೀಳುವ ಜಾಗ ಬದಲಾಗುವುದು ಸುಮಾರು 0.2 ಮಿ.ಮೀ. ಅಷ್ಟೇ. ಮೂವತ್ಮೂರು ಮಿಲಿಗ್ರಾಂ ಅಂದರೂ ಒಂದೂವರೆ ಮಿ.ಮೀ. ಒಳಗೆ. ಹತ್ತರ ಉಂಗುರವೇ 11.5 ಮಿ.ಮೀ. ಅಗಲ ಇದೆ. "ಅಪ್ಪಾ, ತೂಕದಿಂದ ಹತ್ತು ಹೋಗಿ ಒಂಬತ್ತು ಆಗಬಹುದ್ರಿ, ಏಳು ಹ್ಯಾಂಗಾಗ್ತದ?" ಅಂದಳು.

ಸರಿ, ಹೊಡೆದೇ ನೋಡೋಣ ಅಂತ ಬೆಂಚ್ ವೈಸ್, ಅಂದರೆ ವಸ್ತುವನ್ನು ಅಲುಗದ ಹಾಗೆ ಕಚ್ಚಿ ಹಿಡಿಯುವ ಸಾಧನ, ತಂದೆ. ಪಿಸ್ತೂಲಿಗೆ ಗೀರು ಬೀಳದ ಹಾಗೆ ದಪ್ಪ ರಬ್ಬರ್ ಹಾಳೆ ಸುತ್ತಿ ಬಿಗಿದೆವು. ಕೈಯ ಪಾತ್ರವೇ ಇಲ್ಲ ಈಗ. ಪ್ರತಿ ಡಬ್ಬಿಗೆ ಐದೈದು ಗುಂಡಿನ ಆರು ಕಾರ್ಡು. ಫಿನಾಲೆ ಮ್ಯಾಚ್ ಲೈಟ್ 4.50ರಲ್ಲಿ ಐದೂ ಗುಂಡು ಸೇರಿ ಒಂದೇ ತೂತಾಯಿತು. ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದರೆ 6 ಮಿ.ಮೀ. ಆರು ಕಾರ್ಡಿನಲ್ಲಿ ಐದು ಹಾಗೆಯೇ ಬಂದವು. ಅದೇ ಕಂಪನಿಯ, ಅದೇ ತೂಕದ 4.49 ತಲೆಯದು 7.5ರಿಂದ 8 ತೋರಿಸಿತು. ಆರ್10 ಏಳರ ಆಸುಪಾಸು. ಇದರಿಂದ ಆರ್10 ಕಡಿಮೆ ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ನಳಿಗೆಗೆ 4.50 ತಲೆ ಒಗ್ಗಿತು, ನಿಮ್ಮದಕ್ಕೆ ಬೇರೆ ಒಗ್ಗಬಹುದು. ಒಂದೇ ಕಂಪನಿಯ ಎರಡು ಪಿಸ್ತೂಲು ಬೇರೆ ಬೇರೆ ಪೆಲೆಟ್ ಕೇಳುತ್ತವೆ.

ದೇಶಿ ಡಬ್ಬಿಯಲ್ಲಿ ಮೂರು ಗುಂಡು ಹತ್ತಿರ ಬಿದ್ದರೆ ಒಂದೋ ಎರಡೋ ಎಲ್ಲೋ ಹೋಗುತ್ತಿದ್ದವು. ಒಂದು ಕಾರ್ಡು 19 ಮಿ.ಮೀ. ಆಯಿತು. ವೈಸ್‌ನಲ್ಲಿ ಕಚ್ಚಿಸಿದ ಪಿಸ್ತೂಲೇ ಅಷ್ಟು ಚೆದುರಿಸಿದರೆ, ಹದಿನೇಳು ವರ್ಷದ ಹುಡುಗಿಯ ಕೈ ಏನು ಮಾಡೀತು? ಆ ಕಾರ್ಡನ್ನು ಅವಳ ನೋಟ್‌ಬುಕ್ಕಿನೊಳಗೆ ಇಟ್ಟೆ.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ದೇಶಿ ಡಬ್ಬಿಯಿಂದ ಎರಡು ಮಿಲಿಗ್ರಾಂ ಒಳಗೆ ತೂಕ ಹೊಂದುವ ಹತ್ತು ಪೆಲೆಟ್ ಆರಿಸಿ ಹೊಡೆದೆ. ಆಗಲೂ ಎರಡು ಗುಂಡು ದಾರಿ ತಪ್ಪಿದವು. ತಕ್ಕಡಿ ಕೈಕೊಟ್ಟಿತು. ಆಗ ಮಗಳು "ತಕ್ಕಡಿ ಬಿಡ್ರಿ ಅಪ್ಪಾ, ಲಂಗ ನೋಡ್ರಿ" ಅಂದಳು. ಕಲ್ಲು ಕೂರಿಸುವಾಗ ಬಳಸುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಪೆಲೆಟ್ಟನ್ನು ತಲೆಕೆಳಗಾಗಿ ನಿಲ್ಲಿಸಿ ನೋಡಿದೆ. ಲಂಗದ ಅಂಚು ದುಂಡಗಿರಲಿಲ್ಲ. ಒಂದು ಕಡೆ ಅಮುಕಿ ಹುಣಸೆ ಬೀಜದ ಹಾಗೆ ಆಗಿತ್ತು. ಇನ್ನೊಂದರ ಅಂಚಿನಲ್ಲಿ ಉಗುರು ತಾಗಿದಂಥ ಕಚ್ಚು. ಗಾಳಿ ಒಂದೇ ಕಡೆ ಸೋರಿದರೆ ಪೆಲೆಟ್ ನಳಿಗೆಯ ಬಾಯಿ ಬಿಡುವಾಗಲೇ ಓಲಾಡುತ್ತದೆ. ಆಮೇಲೆ ತೂಕ ಬಿಟ್ಟು, ದುಂಡಗಿನ ಲಂಗದವನ್ನು ಮಾತ್ರ ಆರಿಸಿ ಹೊಡೆದೆವು. 9 ಮಿ.ಮೀ.ಗೆ ಬಂತು. ಅದೇ ಅಗ್ಗದ ಡಬ್ಬಿ! ನಲವತ್ತು ವರ್ಷ ತೂಕವನ್ನೇ ನಂಬಿದ ನನಗೆ ಇದು ದೊಡ್ಡ ಪಾಠ.

ಲಂಗ ಎಷ್ಟು ನಾಜೂಕು ಅನ್ನುವುದಕ್ಕೆ ಇನ್ನೊಂದು ನಡೆದದ್ದು ಹೇಳುತ್ತೇನೆ. ಚಿಕ್ಕ ಮಗನ ಕೈಯಿಂದ 4.49ರ ಡಬ್ಬಿ ಜಾರಿ ಶಹಾಬಾದ್ ಕಲ್ಲಿನ ಮೇಲೆ ಬಿತ್ತು. ಪಡಸಾಲೆ ತುಂಬಾ ಪೆಲೆಟ್. ಆರಿಸಿ ನೋಡಿದರೆ ಅರ್ಧಕ್ಕರ್ಧ ಲಂಗ ಸೊಟ್ಟಗಾಗಿದ್ದವು. ಎಷ್ಟೇ ಒಳ್ಳೆಯ ಪೆಲೆಟ್ ಇದ್ದರೂ ನೆಲಕ್ಕೆ ಬಿದ್ದರೆ ಮುಗಿಯಿತು. ಕೊರಿಯರಿನಲ್ಲೂ ಹೀಗೇ ಆಗುತ್ತದೆ. ಒಮ್ಮೆ ನಮಗೆ ಬಂದ ಡಬ್ಬಿ ಮೂಲೆ ನೆಗ್ಗಿತ್ತು. ಮಾರಿದವರು ಬದಲಾಯಿಸಿ ಕೊಡಲಿಲ್ಲ. ಈಗ ಪಾರ್ಸಲ್ ಬಿಚ್ಚುವಾಗಲೇ ಫೋಟೊ ತೆಗೆಯುತ್ತೇನೆ. ದುಬಾರಿ ಪೆಲೆಟ್ಟುಗಳು ಒಂದೊಂದಕ್ಕೂ ಬೇರೆ ಗುಳಿ ಇರುವ ಸ್ಪಂಜಿನಲ್ಲಿ ಬರುತ್ತವೆ. ಅದಕ್ಕೆ ಯಾಕೆ ಅಷ್ಟು ದುಡ್ಡು ಅಂತ ಈಗ ಅರ್ಥವಾಯಿತು.

ಖರ್ಚಿನ ಮಾತು. ಮಗಳು ದಿನಕ್ಕೆ ಎಂಬತ್ತು ಗುಂಡು ಹೊಡೆದರೆ ಒಂದು ಡಬ್ಬಿ ಆರು ದಿನ. ಎಲ್ಲಕ್ಕೂ ಜರ್ಮನ್ ಹಾಕುವುದು ನಮ್ಮಂಥವರಿಗೆ ಆಗದ ಮಾತು. ಹಾಗಾಗಿ ನಿಲುವು, ಉಸಿರು, ಟ್ರಿಗರ್ ಅಭ್ಯಾಸಕ್ಕೆ ದೇಶಿಯನ್ನೇ ಲಂಗ ನೋಡಿ ಆರಿಸಿ ಹಾಕುತ್ತೇವೆ. ಭಾನುವಾರ ಅರವತ್ತು ಗುಂಡಿನ ಪೂರ್ತಿ ಪಂದ್ಯ ಆಡುವಾಗ ಮತ್ತು ಬೆಂಗಳೂರಿಗೆ ಪಂದ್ಯಕ್ಕೆ ಹೋಗುವಾಗ ಫಿನಾಲೆ ಮ್ಯಾಚ್ ಲೈಟ್ 4.50. ಇದನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ, ಆದರೆ ತಲೆಯ ಅಳತೆ ನಿಮ್ಮ ಪಿಸ್ತೂಲಿನಲ್ಲಿ ಹೊಡೆದು ನೋಡಿಯೇ ಆರಿಸಿ. ಎರಡು ಅಳತೆಯದು ಒಂದೊಂದೇ ಡಬ್ಬಿ ತನ್ನಿ. ಒಗ್ಗಿದ್ದು ಸಿಕ್ಕ ಕೂಡಲೇ ಡಬ್ಬಿಯ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಸರಕಿನ ಗುರುತು) ಬರೆದಿಟ್ಟುಕೊಂಡು ಅದೇ ಲಾಟಿನದು ಕೈಲಾದಷ್ಟು ತರಿಸಿಕೊಳ್ಳಿ. ಲಾಟ್ ಬದಲಾದರೆ ಗುಣವೂ ಸ್ವಲ್ಪ ಬದಲಾಗುತ್ತದೆ. ಬಂಗಾರದಲ್ಲೂ ಹಾಗೇ ಅಲ್ವಾ, ಎರಡೂ 916 ಆದರೂ ಒಂದು ಕರಗಿಸಿದ ಹಾಗೆ ಇನ್ನೊಂದು ಇರುವುದಿಲ್ಲ.

ಮಕ್ಕಳ ಕೈಗೆ ಡಬ್ಬಿ ಕೊಡುವವರು ಇದೊಂದು ಮರೆಯಬೇಡಿ: ಸೀಸ ವಿಷ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಕೆಟ್ಟ ಅಭ್ಯಾಸ ಕೆಲವರಿಗೆ ಇದೆ, ಬಿಡಿಸಿ. ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ನಮ್ಮ ಊರಿನ ಮೇ ತಿಂಗಳ ಬಿಸಿಲಿನಲ್ಲಿ ಪಿಸ್ತೂಲಿನ ಗಾಳಿ ಸಿಲಿಂಡರನ್ನು ಕಾರಿನಲ್ಲಿ ಬಿಟ್ಟು ಹೋಗಲೂಬಾರದು.

ಈಗಲೂ ಮಗಳಿಗೆ ಏಳು ಬೀಳುತ್ತದೆ, ಮೊದಲಿನಷ್ಟು ಅಲ್ಲ. ಬಿದ್ದಾಗ ನೋಟ್‌ಬುಕ್ಕಿನಲ್ಲಿ ಈಗ 'ಟ್ರಿಗರ್ ಎಳೆದೆ' ಅಂತ ಸ್ಪಷ್ಟವಾಗಿ ಬರೆಯುತ್ತಾಳೆ. ನಮ್ಮ ಲಾಟಿನದು ಇನ್ನು ಮೂರು ಡಬ್ಬಿ ಉಳಿದಿವೆ. ಮುಂದಿನ ಲಾಟ್ ಬಂದಾಗ ಮತ್ತೆ ವೈಸ್ ಕಟ್ಟಿ ಹೊಡೆದು, ಅಳತೆಯನ್ನು ಇಲ್ಲಿಯೇ ಸೇರಿಸುತ್ತೇನೆ.